ಕೋರ್ ಯಾವುದು, ಕಾಂಟ್ರಿಬ್ ಯಾವುದು? ಓಪನ್ ಸೋರ್ಸ್ ಪ್ರಾಜೆಕ್ಟಿನ ಕೋಡ್ ವಿಂಗಡಿಸುವ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟಿಗೆ ಹೊರಗಿನವರಿಂದ ಮೊದಲ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದಾಗ ಆಗುವ ಖುಷಿಯೇ ಬೇರೆ. ಹತ್ತನೆಯದಕ್ಕೂ ಖುಷಿಯಾಗುತ್ತದೆ. ಐವತ್ತು ದಾಟಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ: ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಕಳಿಸಿದವರು ಅಷ್ಟರಲ್ಲಿ ಕೆಲಸ ಬದಲಾಯಿಸಿರುತ್ತಾರೆ, ಅವರ ಆಸಕ್ತಿ ಬೇರೆ ಕಡೆ ಹೋಗಿರುತ್ತದೆ. ಅವರ ಕೋಡ್ ಮಾತ್ರ ನಿಮ್ಮ ರೆಪೊದಲ್ಲೇ (ಕೋಡ್ ಇಡುವ ಭಂಡಾರದಲ್ಲೇ) ಇರುತ್ತದೆ. ಅದು ಕೆಟ್ಟ ದಿನ ಇಶ್ಯೂ, ಅಂದರೆ ದೂರು, ಬರುವುದು ನಿಮಗೆ.

ಹಾಗಂತ ಹೊರಗಿನ ಕೋಡೇ ಬೇಡ ಅನ್ನೋಕಾಗುತ್ತಾ? ಆಗಲ್ಲ. ಎಷ್ಟೋ ಪ್ರಾಜೆಕ್ಟುಗಳ ಜೀವ ಇರುವುದೇ ಅದರಲ್ಲಿ. ಅದಕ್ಕೇ ಹಲವು ದೊಡ್ಡ ಪ್ರಾಜೆಕ್ಟುಗಳು ಕೋಡನ್ನು ಎರಡು ಭಾಗ ಮಾಡಿಕೊಂಡಿವೆ. ಮುಖ್ಯ ತಂಡ ನೋಡಿಕೊಳ್ಳುವುದು ಕೋರ್. ಸಮುದಾಯ ತಂದು ಸೇರಿಸಿ, ಸಮುದಾಯವೇ ಸಾಕುವುದು ಕಾಂಟ್ರಿಬ್. ಆದರೆ ಸುಮ್ನೆ ಒಂದು ಫೋಲ್ಡರ್ ಮಾಡಿ ಕಾಂಟ್ರಿಬ್ ಅಂತ ಹೆಸರಿಟ್ಟರೆ ಕೆಲಸ ಮುಗಿಯುವುದಿಲ್ಲ. ಗೆರೆ ಎಳೆಯಬೇಕಾದದ್ದು ಒಂದೇ ಪ್ರಶ್ನೆಯ ಮೇಲೆ: ಇದು ಕೆಟ್ಟರೆ ಸರಿಮಾಡುತ್ತೇವೆ ಎಂದು ಮಾತು ಕೊಡುವವರು ಯಾರು? ಮುಂದಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ವಿವರಣೆಗೆ ಒಂದು ಪ್ರಾಜೆಕ್ಟನ್ನು ಊಹಿಸಿಕೊಳ್ಳೋಣ. ನುಡಿ, ಬರಹ, ಶ್ರೀಲಿಪಿ, ಆಕೃತಿಯಂಥ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಪಠ್ಯವನ್ನು ಯೂನಿಕೋಡ್‌ಗೆ ತರುವ ಒಂದು ಪೈಥಾನ್ ಲೈಬ್ರರಿ. ಪ್ರೆಸ್‌ಗಳಲ್ಲಿ, ಪ್ರಕಾಶಕರ ಕಂಪ್ಯೂಟರ್‌ಗಳಲ್ಲಿ ಇಂಥ ಫೈಲ್‌ಗಳು ಈಗಲೂ ರಾಶಿ ಬಿದ್ದಿವೆ. ಎಲ್ಲ ಫಾಂಟ್‌ಗಳ ಗುಟ್ಟು ಒಬ್ಬರಿಗೇ ಗೊತ್ತಿರುವುದು ಸಾಧ್ಯವಿಲ್ಲ. ಸಮುದಾಯದ ಕೊಡುಗೆ ಇಲ್ಲದೆ ಇಂಥ ಲೈಬ್ರರಿ ಮುಂದೆ ಹೋಗುವುದೇ ಇಲ್ಲ.

## ಹಂತ 1: ಮೊದಲು ಇರುವುದನ್ನು ಪಟ್ಟಿ ಮಾಡಿ

ಏನನ್ನೂ ಸರಿಸುವ ಮುಂಚೆ ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಪ್ರತಿ ಮಾಡ್ಯೂಲ್‌ಗೆ ಒಂದು ಸಾಲು. ಯಾರು ಬರೆದರು, ಕೊನೆಯದಾಗಿ ಯಾವಾಗ ಬದಲಾಯಿತು, ಇವತ್ತು ತಂಡದಲ್ಲಿ ಅದನ್ನು ಅರ್ಥ ಮಾಡಿಕೊಂಡವರು ಯಾರಿದ್ದಾರೆ, ಹೊರಗಿನ ಯಾವ ಲೈಬ್ರರಿಯ ಮೇಲೆ ಅದು ನಿಂತಿದೆ, ಟೆಸ್ಟ್ ಇದೆಯೋ ಇಲ್ಲವೋ.

ಮೊದಲ ಎರಡಕ್ಕೆ ಕೋಡಿನ ಇತಿಹಾಸ ಕಾಪಾಡುವ ಗಿಟ್ ಹತ್ತಿರವೇ ಉತ್ತರ ಇದೆ. ಗಿಟ್ ಶಾರ್ಟ್‌ಲಾಗ್ ಆಜ್ಞೆಗೆ ಒಂದು ಫೋಲ್ಡರಿನ ಹೆಸರು ಕೊಟ್ಟರೆ ಆ ಫೋಲ್ಡರಿನಲ್ಲಿ ಯಾರು ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಮಾಡಿದ್ದಾರೆ ಎಂದು ತೋರಿಸುತ್ತದೆ. ಗಿಟ್ ಲಾಗ್‌ಗೆ ಅದೇ ಹೆಸರು ಕೊಟ್ಟರೆ ಕೊನೆಯ ಬದಲಾವಣೆಯ ದಿನ ಸಿಗುತ್ತದೆ. ಒಂದು ಎಚ್ಚರಿಕೆ: ಇಡೀ ರೆಪೊಗೆ ಕೋಡ್ ಫಾರ್ಮ್ಯಾಟರ್ ಓಡಿಸಿದ ಕಮಿಟ್ ಇದ್ದರೆ ಎಲ್ಲ ಫೈಲೂ ಮೊನ್ನೆ ಮೊನ್ನೆ ಬದಲಾದಂತೆ ಕಾಣುತ್ತದೆ. ಅಂಥ ಕಮಿಟ್‌ಗಳನ್ನು ಬಿಟ್ಟು ನೋಡಿ.

‘ಅರ್ಥ ಮಾಡಿಕೊಂಡವರು ಯಾರು’ ಎಂಬ ಕಾಲಂ ಅನ್ನು ಮಾತ್ರ ತಂಡದವರ ಜೊತೆ ಕೂತು, ಬಾಯಿಬಿಟ್ಟು ಕೇಳಿ ತುಂಬಿಸಬೇಕು. ಅಲ್ಲಿ ಯಾವ ಸಾಲು ಖಾಲಿ ಉಳಿಯುತ್ತದೋ ಅಲ್ಲೇ ನಿಮ್ಮ ನಿಜವಾದ ಸಾಲ ಇರುವುದು.

## ಹಂತ 2: ಗೆರೆ ಎಳೆಯಿರಿ

ಇದೇ ಕಷ್ಟದ ಹಂತ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

‘ಚೆನ್ನಾಗಿ ಬರೆದ ಕೋಡ್ ಕೋರ್‌ಗೆ, ಸುಮಾರಾಗಿರುವುದು ಕಾಂಟ್ರಿಬ್‌ಗೆ’ ಎಂದು ಹಲವರು ಶುರು ಮಾಡುತ್ತಾರೆ. ಇದರಿಂದ ಕಾಂಟ್ರಿಬ್ ಅನ್ನುವುದು ಎರಡನೇ ದರ್ಜೆಯ ಜಾಗವಾಗುತ್ತದೆ, ಕೊಡುಗೆ ತಂದವರಿಗೆ ಬೇಜಾರಾಗುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ನೋಡಿ. ಯಾವ ಕ್ವೆರಿ ಎಷ್ಟು ಸಮಯ ತಿನ್ನುತ್ತಿದೆ ಎಂದು ತೋರಿಸುವ ‘ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್’ ಮಾಡ್ಯೂಲ್ ಇಲ್ಲದೆ ಡೇಟಾಬೇಸ್ ನಡೆಸುವವರು ಕಡಿಮೆ. ಆದರೂ ಅದು ಇರುವುದು ಕಾಂಟ್ರಿಬ್ ಫೋಲ್ಡರಿನಲ್ಲಿ. ಎಲ್ಲರಿಗೂ ಎಲ್ಲ ಸಲವೂ ಬೇಕಾಗಿಲ್ಲ, ಬೇಕಾದವರು ಸೇರಿಸಿಕೊಳ್ಳಬಹುದು, ಅಷ್ಟೇ.

ಕೆಲವು ಸಲ ಕಾರಣ ತಾಂತ್ರಿಕವೂ ಆಗಿರುವುದಿಲ್ಲ. ಚಿತ್ರಗಳಲ್ಲಿ ಗುರುತುಗಳನ್ನು ಹುಡುಕುವ ಸಿಫ್ಟ್ ಎಂಬ ವಿಧಾನದ ಮೇಲೆ ಅಮೆರಿಕದಲ್ಲಿ ಪೇಟೆಂಟ್ ಇತ್ತು. ಅದಕ್ಕೇ ಚಿತ್ರ ಸಂಸ್ಕರಣೆಯ ಲೈಬ್ರರಿ ಓಪನ್‌ಸಿವಿ ತನ್ನ 3.0 ಆವೃತ್ತಿಯಿಂದ ಅದನ್ನು ಕಾಂಟ್ರಿಬ್ ರೆಪೊದಲ್ಲಿ ಇಟ್ಟಿತ್ತು. 2020ರ ಮಾರ್ಚ್‌ನಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಅದೇ ವರ್ಷ ಬಂದ 4.4ರಲ್ಲಿ ಸಿಫ್ಟ್ ಮುಖ್ಯ ರೆಪೊಗೆ ಬಂತು.

ಹಾಗಾದರೆ ಕೋರ್‌ಗೆ ಏನು ಬೇಕು? ನಾನು ಕೇಳುವುದು ಮೂರೇ ಪ್ರಶ್ನೆ. ಇದಿಲ್ಲದೆ ಪ್ರಾಜೆಕ್ಟಿನ ಮುಖ್ಯ ಕೆಲಸ ನಿಲ್ಲುತ್ತದೆಯೇ? ಬರೆದವರು ನಾಳೆ ಹೋದರೂ ಮುಖ್ಯ ತಂಡದಲ್ಲಿ ಕನಿಷ್ಠ ಇಬ್ಬರು ಇದನ್ನು ರಿಪೇರಿ ಮಾಡಬಲ್ಲರೇ? ನಮ್ಮ ಹತ್ತಿರ ಇದನ್ನು ಪರೀಕ್ಷಿಸುವ ಸಾಮಗ್ರಿ ಇದೆಯೇ? ಮೂರಕ್ಕೂ ಹೌದು ಎಂದರೆ ಕೋರ್. ಒಂದಕ್ಕೆ ಇಲ್ಲ ಎಂದರೂ ಕಾಂಟ್ರಿಬ್.

ನಮ್ಮ ಉದಾಹರಣೆಯಲ್ಲಿ ಇದು ಹೇಗೆ ಬೀಳುತ್ತದೆ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ‘ಅಕ್ಕಿ’ ಎಂದು ಟೈಪ್ ಮಾಡಿದರೆ ಫೈಲಿನೊಳಗೆ ಮೂರು ಗುರುತುಗಳು ಕೂರುತ್ತವೆ: ‘ಅ’, ಆಮೇಲೆ ಗುಡಿಸು ಕೂಡಿದ ‘ಕಿ’, ಕೊನೆಗೆ ಕ ಒತ್ತು. ಯೂನಿಕೋಡ್‌ನಲ್ಲಿ ಒತ್ತು ಮೊದಲು, ಗುಡಿಸು ಕೊನೆಗೆ: ಅ, ಕ, ವಿರಾಮ (ಸ್ವರ ತೆಗೆಯುವ ‘್’ ಗುರುತು), ಕ, ಗುಡಿಸು. ‘ಸೂರ್ಯ’ದ ಅರ್ಕಾವತ್ತು ಹಳೆಯ ಫೈಲಿನಲ್ಲಿ ‘ಯ’ ಆದಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ಅದೇ ‘ರ’ ಮತ್ತು ವಿರಾಮವಾಗಿ ‘ಯ’ಗಿಂತ ಮುಂದೆ ಹೋಗಬೇಕು.

ಈ ಹಿಂದುಮುಂದು ಮಾಡುವ ಕೆಲಸ ಕನ್ನಡ ಲಿಪಿಗೆ ಸೇರಿದ್ದು. ಫಾಂಟ್ ಯಾವುದಾದರೂ ಇದು ಬೇಕೇ ಬೇಕು. ಇದರಲ್ಲಿ ಒಂದು ತಪ್ಪಾದರೆ ಎಲ್ಲ ಫಾಂಟ್‌ಗಳ ಪಠ್ಯವೂ ಕೆಡುತ್ತದೆ. ಆದ್ದರಿಂದ ಅದು ಕೋರ್. ಆದರೆ ‘ಈ ಫಾಂಟಿನಲ್ಲಿ ಈ ಸಂಖ್ಯೆ ಅಂದರೆ ಈ ಅಕ್ಷರ’ ಎಂಬ ಪಟ್ಟಿ ಒಂದೊಂದು ಫಾಂಟಿಗೂ ಬೇರೆ. ಅದು ಆ ಫಾಂಟ್ ಬಳಸಿದವರಿಗೇ ಗೊತ್ತು. ಆದ್ದರಿಂದ ಪಟ್ಟಿಗಳು ಕಾಂಟ್ರಿಬ್. ನುಡಿಯ ಪಟ್ಟಿ ಒಂದನ್ನು ಕೋರ್‌ನಲ್ಲೇ ಇಟ್ಟುಕೊಳ್ಳಬಹುದು. ಹಿಂದುಮುಂದು ಮಾಡುವ ಈ ಎಂಜಿನ್ ಪರೀಕ್ಷಿಸಲು ಒಂದು ಪಟ್ಟಿಯಾದರೂ ಬೇಕಲ್ವಾ?

ಗೆರೆ ಎಳೆದ ಮೇಲೆ ಅದರ ಕಾರಣವನ್ನು ರೆಪೊದಲ್ಲೇ ಒಂದು ಪುಟದಲ್ಲಿ ಬರೆದಿಡಿ. ‘ನನ್ನ ಕೋಡ್ ಯಾಕೆ ಕೋರ್‌ಗೆ ಹೋಗಲಿಲ್ಲ?’ ಎಂದು ಕೇಳುವವರು ಖಂಡಿತ ಬರುತ್ತಾರೆ. ಅವರಿಗೆ ವ್ಯಕ್ತಿಯೊಬ್ಬರು ಉತ್ತರ ಕೊಡುವುದಕ್ಕಿಂತ ಆ ಪುಟ ಉತ್ತರ ಕೊಡುವುದು ಒಳ್ಳೆಯದು.

## ಹಂತ 3: ಕೋರ್‌ಗೆ ಕಾಂಟ್ರಿಬ್ ಇದೆಯೆಂದೇ ಗೊತ್ತಿರಬಾರದು

ಕಾಂಟ್ರಿಬ್ ಕೋಡ್ ಕೋರನ್ನು ಕರೆಯಬಹುದು. ಕೋರ್ ಯಾವತ್ತೂ ಕಾಂಟ್ರಿಬ್ ಅನ್ನು ಕರೆಯಬಾರದು. ಈ ಒಂದು ನಿಯಮ ಮುರಿದರೆ ಉಳಿದ ವಿಂಗಡಣೆಗೆ ಬೆಲೆಯೇ ಇಲ್ಲ.

ಕೋರ್ ತನ್ನ ಕಡೆಯಿಂದ ಒಂದು ಸಣ್ಣ ಬಾಗಿಲು ಇಡಬೇಕು. ನಮ್ಮ ಲೈಬ್ರರಿಯಲ್ಲಿ ಆ ಬಾಗಿಲು ಎಂದರೆ ಎರಡೇ: ಪಟ್ಟಿಯನ್ನು ನೋಂದಾಯಿಸುವ ಒಂದು ಫಂಕ್ಷನ್, ಮತ್ತು ವಿಚಿತ್ರ ಫಾಂಟ್‌ಗಳಿಗಾಗಿ ಪರಿವರ್ತನೆಗೆ ಮುಂಚೆ ಓಡುವ ಒಂದು ಹುಕ್. ಇವೆರಡನ್ನು ಬಿಟ್ಟು ಎಂಜಿನ್ನಿನ ಒಳಗಿನ ಯಾವುದಕ್ಕೂ ಕಾಂಟ್ರಿಬ್ ಕೈಹಾಕುವಂತಿಲ್ಲ. ಯಾರಾದರೂ ‘ಇಷ್ಟು ಸಾಲದು’ ಎಂದರೆ ಬಾಗಿಲು ದೊಡ್ಡದು ಮಾಡುವ ಚರ್ಚೆ ಕೋರ್ ಕಡೆ ನಡೆಯಲಿ. ಕಾಂಟ್ರಿಬ್‌ನವರು ಹಿಂಬಾಗಿಲಿಂದ ಬರುವುದು ಬೇಡ.

ಪೋಸ್ಟ್‌ಗ್ರೆಸ್‌ನಲ್ಲಿ ಕಾಂಟ್ರಿಬ್ ಫೋಲ್ಡರ್ ಬಹಳ ಹಿಂದಿನಿಂದ ಇತ್ತು. ಆದರೆ ಒಂದು ಮಾಡ್ಯೂಲ್ ಸೇರಿಸಬೇಕೆಂದರೆ ಅದರ ಎಸ್‌ಕ್ಯುಎಲ್ ಫೈಲನ್ನು ಕೈಯಾರೆ ಓಡಿಸಬೇಕಿತ್ತು. ಡೇಟಾಬೇಸಿನ ಮಟ್ಟಿಗೆ ಅವು ಅಲ್ಲಲ್ಲಿ ಚೆಲ್ಲಿದ ಬಿಡಿ ಫಂಕ್ಷನ್‌ಗಳು. 2011ರ 9.1 ಆವೃತ್ತಿಯಲ್ಲಿ ‘ಕ್ರಿಯೇಟ್ ಎಕ್ಸ್‌ಟೆನ್ಷನ್’ ಆಜ್ಞೆ ಬಂತು. ಮಾಡ್ಯೂಲ್‌ಗೆ ಹೆಸರು, ಆವೃತ್ತಿ, ಸೇರಿಸುವ ಕ್ರಮ, ತೆಗೆಯುವ ಕ್ರಮ ಎಲ್ಲವೂ ಸಿಕ್ಕವು. ಒಳಗಿನ ಮಾಡ್ಯೂಲ್‌ಗೂ ಹೊರಗಿನವರು ಬರೆದದ್ದಕ್ಕೂ ಒಂದೇ ದಾರಿಯಾಯಿತು. ನನ್ನ ಪ್ರಕಾರ ಒಳ್ಳೆಯ ಬಾಗಿಲಿನ ಲಕ್ಷಣ ಇದೇ.

ಈ ನಿಯಮವನ್ನು ಪಾಲಿಸಲು ಜನರ ನೆನಪನ್ನು ನಂಬಬೇಡಿ. ಸಿಐನಲ್ಲಿ (ಬದಲಾವಣೆ ಬಂದಾಗ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಒಂದು ಜಾಬ್ ಹಾಕಿ: ಕಾಂಟ್ರಿಬ್ ಫೋಲ್ಡರನ್ನು ಪೂರ್ತಿ ಅಳಿಸಿ, ಆಮೇಲೆ ಕೋರ್ ಟೆಸ್ಟ್‌ಗಳನ್ನು ಓಡಿಸುವುದು. ಅಷ್ಟೇ. ಯಾರೋ ಅವಸರದಲ್ಲಿ ಕೋರ್‌ನಿಂದ ಕಾಂಟ್ರಿಬ್‌ನ ಫೈಲನ್ನು ಇಂಪೋರ್ಟ್ ಮಾಡಿದ್ದರೆ ಆ ಕ್ಷಣವೇ ಕೆಂಪಾಗುತ್ತದೆ.

## ಹಂತ 4: ಎಲ್ಲಿಡಬೇಕು?

ಮೂರು ದಾರಿ ಇವೆ. ಒಂದೇ ರೆಪೊದಲ್ಲಿ ಬೇರೆ ಫೋಲ್ಡರ್: ಪೋಸ್ಟ್‌ಗ್ರೆಸ್ ಮತ್ತು ಸ್ವತಃ ಗಿಟ್ ಹೀಗಿವೆ. ಪಕ್ಕದಲ್ಲಿ ಎರಡನೆಯ ರೆಪೊ: ಓಪನ್‌ಸಿವಿ, ಮತ್ತು ಸಾಫ್ಟ್‌ವೇರ್‌ಗಳ ಅಳತೆ, ಲಾಗ್ ಸಂಗ್ರಹಿಸುವ ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಹೀಗೆ. ಒಂದೊಂದಕ್ಕೂ ಅದರದೇ ರೆಪೊ, ಎಲ್ಲದರ ಸೂಚಿ ಒಂದು ಕಡೆ: ಸರ್ವರ್‌ಗಳನ್ನು ತಾನಾಗಿ ಸಜ್ಜುಗೊಳಿಸುವ ಆನ್ಸಿಬಲ್ ಇವತ್ತು ಹೀಗೆ.

ಆನ್ಸಿಬಲ್ ಕಥೆಯನ್ನು ಪೂರ್ತಿ ಹೇಳಬೇಕು, ಯಾಕೆಂದರೆ ಅವರು ಎರಡು ಸಲ ಈ ದಾರಿ ತುಳಿದಿದ್ದಾರೆ. 2014ರಲ್ಲಿ ಅವರು ಮಾಡ್ಯೂಲ್‌ಗಳನ್ನು ಮುಖ್ಯ ರೆಪೊದಿಂದ ತೆಗೆದು ‘ಕೋರ್’ ಮತ್ತು ‘ಎಕ್ಸ್‌ಟ್ರಾಸ್’ ಎಂಬ ಎರಡು ರೆಪೊಗಳಿಗೆ ಹಂಚಿದರು. ಮುಖ್ಯ ರೆಪೊಗೆ ಅವು ಗಿಟ್ ಸಬ್‌ಮಾಡ್ಯೂಲ್ (ಒಳಗೆ ಕೊಂಡಿ ಹಾಕಿದ ಬೇರೆ ರೆಪೊ) ಆಗಿ ಅಂಟಿಕೊಂಡವು. ಎಂಜಿನ್ ಮತ್ತು ಮಾಡ್ಯೂಲ್ ಎರಡನ್ನೂ ಮುಟ್ಟುವ ಬದಲಾವಣೆಗೆ ಎರಡು ಕಡೆ ಪುಲ್ ರಿಕ್ವೆಸ್ಟ್ ಕಳಿಸಬೇಕಾಯಿತು. 2016ರ ಕೊನೆಯಲ್ಲಿ ಎಲ್ಲವನ್ನೂ ವಾಪಸ್ ಒಂದೇ ರೆಪೊಗೆ ತಂದರು. 2019ರ 2.9 ಆವೃತ್ತಿಯ ಹೊತ್ತಿಗೆ ಮಾಡ್ಯೂಲ್‌ಗಳ ಸಂಖ್ಯೆ 3000 ದಾಟಿತ್ತು. 2020ರ 2.10ರಲ್ಲಿ ಮತ್ತೆ ಒಡೆದರು, ಈ ಸಲ ‘ಕಲೆಕ್ಷನ್’ ಎಂಬ ಹೆಸರಿನಲ್ಲಿ.

ಎರಡನೆಯ ಸಲ ಅದು ನಿಂತಿತು. ಯಾಕೆ? ಒಡೆಯುವ ಮುಂಚೆಯೇ ಬಾಗಿಲು ಸಿದ್ಧವಾಗಿತ್ತು. ಕಲೆಕ್ಷನ್ ಎಂದರೆ ಹೇಗಿರಬೇಕು ಎಂಬ ರೂಪ 2.8ರಲ್ಲಿ ಪ್ರಯೋಗಕ್ಕೆ ಬಂದು 2.9ರಲ್ಲಿ ಗಟ್ಟಿಯಾಗಿತ್ತು. ಒಂದೊಂದಕ್ಕೂ ಅದರದೇ ಆವೃತ್ತಿ ಸಂಖ್ಯೆ, ಅದರದೇ ಬಿಡುಗಡೆ. ಹಳೆಯ ಹೆಸರಲ್ಲಿ ಕರೆದರೆ ಹೊಸ ಜಾಗಕ್ಕೆ ಕಳಿಸುವ ಒಂದು ಪಟ್ಟಿಯೂ ಎಂಜಿನ್ ಒಳಗೆ ಇತ್ತು. ಮೊದಲ ಸಲ ಬದಲಾದದ್ದು ಕೋಡ್ ಇರುವ ಜಾಗ ಮಾತ್ರ. ಎರಡನೆಯ ಸಲ ಹೊಣೆಯೂ ಜೊತೆಗೇ ಹೋಯಿತು.

ನಿಮ್ಮದು ಸಣ್ಣ ಪ್ರಾಜೆಕ್ಟ್ ಆದರೆ ಒಂದೇ ರೆಪೊದಲ್ಲೇ ಇರಿ. ಎರಡು ರೆಪೊ ಎಂದರೆ ಎರಡು ಸಿಐ, ಎರಡು ಇಶ್ಯೂ ಪಟ್ಟಿ, ಎರಡು ಬಿಡುಗಡೆ. ಅದನ್ನೆಲ್ಲ ನೋಡಲು ಜನ ಬೇಕು. ಕಾಂಟ್ರಿಬ್‌ನ ಪುಲ್ ರಿಕ್ವೆಸ್ಟ್‌ಗಳ ನಡುವೆ ಕೋರ್ ಕೆಲಸ ಕಾಣದಂತಾದಾಗ, ಅಥವಾ ಕಾಂಟ್ರಿಬ್‌ಗೆ ತನ್ನದೇ ಮೇಂಟೇನರ್‌ಗಳು (ನೋಡಿಕೊಳ್ಳುವವರು) ಸಿಕ್ಕಾಗ ಒಡೆಯಿರಿ. ಅದಕ್ಕೆ ಮುಂಚೆ ಬೇಡ.

## ಹಂತ 5: ಒಂದು ಕೊಡುಗೆ, ಒಂದು ಫೋಲ್ಡರ್, ಒಂದು ವಿವರ ಫೈಲ್

ಕಾಂಟ್ರಿಬ್ ಒಳಗೆ ಪ್ರತಿ ಕೊಡುಗೆಗೂ ಅದರದೇ ಫೋಲ್ಡರ್ ಇರಲಿ. ಎರಡು ಕೊಡುಗೆಗಳು ಒಂದು ‘ಯುಟಿಲ್ಸ್’ ಫೈಲನ್ನು ಹಂಚಿಕೊಳ್ಳಲು ಬಿಡಬೇಡಿ. ಬಿಟ್ಟರೆ ಮುಂದೆ ಒಂದನ್ನು ತೆಗೆಯಲು ಹೋದಾಗ ಇನ್ನೊಂದು ಬೀಳುತ್ತದೆ.

ಪ್ರಪಂಚದ ಸಾವಿರಾರು ಭಾಷೆಗಳಿಗೆ ಕೀಲಿಮಣೆ ಒದಗಿಸುವ ಕೀಮ್ಯಾನ್ ಪ್ರಾಜೆಕ್ಟಿನ ಕೀಬೋರ್ಡ್ ರೆಪೊ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ‘ರಿಲೀಸ್’, ‘ಎಕ್ಸ್‌ಪೆರಿಮೆಂಟಲ್’, ‘ಲೆಗಸಿ’ ಎಂದು ವಿಭಾಗಗಳಿವೆ. ಪ್ರತಿ ಕೀಲಿಮಣೆಯ ಫೋಲ್ಡರಿನಲ್ಲೂ ಪರವಾನಗಿ, ಬದಲಾವಣೆಗಳ ಇತಿಹಾಸ, ಪರಿಚಯದ ಫೈಲ್ ಇರಲೇಬೇಕು. ಎಂಜಿನ್ ಬೇರೆ ರೆಪೊದಲ್ಲಿದೆ.

ವಿವರ ಫೈಲ್ ಯಂತ್ರಕ್ಕೂ ಓದಲು ಬರುವಂತಿರಲಿ, ಯಾಮಲ್ ಎಂಬ ಸರಳ ಪಠ್ಯ ರೂಪ ಸಾಕು. ಓಪನ್‌ಟೆಲಿಮೆಟ್ರಿಯಲ್ಲಿ ಪ್ರತಿ ಘಟಕಕ್ಕೂ ಇಂಥದೊಂದು ಮೆಟಾಡೇಟಾ ಫೈಲ್ ಇದೆ. ಪರಿಚಯ ಪುಟದಲ್ಲಿ ಕಾಣುವ ಸ್ಥಿತಿಯ ಕೋಷ್ಟಕವನ್ನೂ ಅದರಿಂದಲೇ ತಯಾರಿಸುತ್ತಾರೆ. ನಮ್ಮ ಲೈಬ್ರರಿಗೆ ಇಷ್ಟು ಸಾಲುಗಳು ಸಾಕು:

- ಹೆಸರು: ಯಾವ ಫಾಂಟ್ ಕುಟುಂಬ, ಯಾವ ಆವೃತ್ತಿ
- ಹೊಣೆಗಾರರು: ಗಿಟ್‌ಹಬ್ ಹೆಸರು, ಸಾಧ್ಯವಾದರೆ ಇಬ್ಬರು
- ಸ್ಥಿತಿ: ಪ್ರಯೋಗ, ಬಳಕೆಗೆ ಸಿದ್ಧ, ಅನಾಥ
- ಕೋರ್‌ನ ಯಾವ ಆವೃತ್ತಿಯಿಂದ ಕೆಲಸ ಮಾಡುತ್ತದೆ
- ಪರವಾನಗಿ
- ಮೂಲ: ಈ ಪಟ್ಟಿಯನ್ನು ಹೇಗೆ ತಯಾರಿಸಿದ್ದು

ಕೊನೆಯ ಸಾಲು ಈ ಕ್ಷೇತ್ರಕ್ಕೆ ತುಂಬ ಮುಖ್ಯ. ಫಾಂಟನ್ನು ಕಣ್ಣಲ್ಲಿ ನೋಡಿ, ಟೈಪ್ ಮಾಡಿ, ಕೈಯಾರೆ ಪಟ್ಟಿ ಮಾಡಿದ್ದು ಬೇರೆ. ಮಾರಾಟದ ಸಾಫ್ಟ್‌ವೇರ್ ಒಂದರೊಳಗಿಂದ ಫೈಲ್ ಎತ್ತಿಕೊಂಡು ಬಂದದ್ದು ಬೇರೆ. ಎರಡನೆಯದನ್ನು ಒಳಗೆ ಬಿಟ್ಟರೆ ಇಡೀ ಪ್ರಾಜೆಕ್ಟಿಗೆ ಕಾನೂನಿನ ತೊಂದರೆ.

## ಹಂತ 6: ಹೊಣೆಗಾರರ ಹೆಸರು ಬರೆಯಿರಿ

ಲಿನಕ್ಸ್ ಕರ್ನಲ್‌ನ ‘ಮೇಂಟೇನರ್ಸ್’ ಫೈಲನ್ನು ಒಮ್ಮೆಯಾದರೂ ತೆರೆದು ನೋಡಿ. ಪ್ರತಿ ಭಾಗಕ್ಕೂ ಯಾರು ನೋಡಿಕೊಳ್ಳುತ್ತಾರೆ, ಯಾವ ಫೈಲ್‌ಗಳು, ಮತ್ತು ಒಂದು ಸ್ಥಿತಿ. ‘ಸಪೋರ್ಟೆಡ್’ ಎಂದರೆ ಸಂಬಳಕ್ಕೆ ನೋಡಿಕೊಳ್ಳುವವರಿದ್ದಾರೆ. ‘ಮೇಂಟೇನ್ಡ್’ ಎಂದರೆ ಯಾರೋ ನಿಜವಾಗಿ ನೋಡಿಕೊಳ್ಳುತ್ತಿದ್ದಾರೆ. ‘ಆಡ್ ಫಿಕ್ಸಸ್’ ಎಂದರೆ ಬಿಡುವಾದಾಗ ಮಾತ್ರ. ‘ಆರ್ಫನ್’ ಎಂದರೆ ಯಾರೂ ಇಲ್ಲ. ಯಾರೂ ಇಲ್ಲ ಎಂಬುದನ್ನು ನೇರವಾಗಿ ಬರೆದಿಡುವ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಬಳಸುವವರಿಗೆ ಸುಳ್ಳು ಭರವಸೆ ಸಿಗುವುದಿಲ್ಲ. ನೋಡಿಕೊಳ್ಳಬಲ್ಲವರು ಇದ್ದರೆ ಜಾಗ ಖಾಲಿ ಇದೆ ಎಂದೂ ಗೊತ್ತಾಗುತ್ತದೆ.

ಗಿಟ್‌ಹಬ್‌ನಲ್ಲಿ ಇದಕ್ಕೆ ‘ಕೋಡ್‌ಓನರ್ಸ್’ ಫೈಲ್ ಇದೆ. ಒಂದು ಫೋಲ್ಡರ್ ಮುಟ್ಟಿದ ಪುಲ್ ರಿಕ್ವೆಸ್ಟ್ ಬಂದರೆ ಅದರ ಹೊಣೆಗಾರರಿಗೆ ರಿವ್ಯೂ ಕೋರಿಕೆ ತಾನಾಗಿ ಹೋಗುತ್ತದೆ. ಇದರಲ್ಲಿ ಎಡವುವ ಜಾಗ ಎರಡು.

ಮೊದಲನೆಯದು, ಕ್ರಮ. ಒಂದು ಫೈಲಿಗೆ ಹಲವು ಸಾಲುಗಳು ಹೊಂದಿದರೆ ಕೊನೆಯ ಸಾಲೇ ಗೆಲ್ಲುತ್ತದೆ. ಆದ್ದರಿಂದ ‘ಎಲ್ಲಕ್ಕೂ ಕೋರ್ ತಂಡ’ ಎಂಬ ಸಾಲು ಮೇಲೆ ಬರಬೇಕು, ಕಾಂಟ್ರಿಬ್‌ನ ಒಂದೊಂದು ಫೋಲ್ಡರಿನ ಸಾಲು ಕೆಳಗೆ. ಉಲ್ಟಾ ಬರೆದರೆ ಎಲ್ಲ ಕೋರಿಕೆಯೂ ಕೋರ್ ತಂಡಕ್ಕೇ ಬಂದು ಬೀಳುತ್ತದೆ.

ಎರಡನೆಯದು ದೊಡ್ಡದು. ಆ ಫೈಲಿನಲ್ಲಿ ಹೆಸರಿಸಿದವರಿಗೆ ರೆಪೊದಲ್ಲಿ ಬರೆಯುವ ಹಕ್ಕು ಇರಬೇಕು. ಇಲ್ಲದಿದ್ದರೆ ಅವರ ಹೆಸರು ಇದ್ದೂ ಇಲ್ಲದಂತೆ. ಒಂದು ಫಾಂಟ್ ಪಟ್ಟಿ ನೋಡಿಕೊಳ್ಳುವವರಿಗೆ ಇಡೀ ರೆಪೊಗೆ ಬರೆಯುವ ಹಕ್ಕು ಕೊಡುವುದೇ? ಆನ್ಸಿಬಲ್‌ನವರು ಇದಕ್ಕೆ ಬಾಟ್ ಬಳಸಿದರು. ಯಾವ ಫೈಲಿಗೆ ಯಾರು ಎಂದು ತಮ್ಮದೇ ಒಂದು ಯಾಮಲ್ ಫೈಲಿನಲ್ಲಿ ಬರೆದಿಟ್ಟರು. ಹೊಣೆಗಾರರು ಪುಲ್ ರಿಕ್ವೆಸ್ಟ್ ಕೆಳಗೆ ‘ಶಿಪಿಟ್’ ಎಂದು ಬರೆದರೆ ಬಾಟ್ ಅದನ್ನು ಲೆಕ್ಕಕ್ಕೆ ತಗೊಳ್ಳುತ್ತಿತ್ತು. ಸಣ್ಣ ಪ್ರಾಜೆಕ್ಟಿನಲ್ಲಿ ಬಾಟ್ ಇಲ್ಲದೆಯೂ ನಡೆಯುತ್ತದೆ: ಹೊಣೆಗಾರರು ಒಪ್ಪಿದ್ದಾರೆಂದು ನೋಡಿ ಕೋರ್ ತಂಡದ ಯಾರಾದರೂ ಮರ್ಜ್ (ಸೇರಿಸುವ) ಬಟನ್ ಒತ್ತಲಿ.

ಮುಖ್ಯ ಶಾಖೆಯನ್ನು ರಕ್ಷಿತ ಶಾಖೆ (ಯಾರೂ ನೇರವಾಗಿ ಬದಲಿಸಲಾಗದ್ದು) ಮಾಡಿಟ್ಟರೆ ಕೆಲವರಿಗೆ ಬರೆಯುವ ಹಕ್ಕು ಕೊಡುವುದರಲ್ಲೂ ತಪ್ಪಿಲ್ಲ. ಆದರೆ ಬಿಡುಗಡೆಯ ಕೀಲಿ ಬೇರೆಯೇ ಇರಬೇಕು. 2024ರಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್‌ನ 5.6.0 ಮತ್ತು 5.6.1 ಬಿಡುಗಡೆಗಳಲ್ಲಿ ಕಳ್ಳ ಪ್ರವೇಶದ ಹಿಂಬಾಗಿಲು ಸಿಕ್ಕಿದ್ದು ನೆನಪಿದೆಯಲ್ಲ? ಅದನ್ನು ಸೇರಿಸಿದವರು ಹಲವು ತಿಂಗಳು ಒಳ್ಳೆಯ ಕೊಡುಗೆ ಕೊಟ್ಟು, ನಂಬಿಕೆ ಗಳಿಸಿ, ಸಹ ಮೇಂಟೇನರ್ ಆದವರು.

## ಹಂತ 7: ಒಳಗೆ ಬರುವ ದಾರಿ

ಇದನ್ನು ಚಿಕ್ಕದಾಗಿ ಹೇಳಬಹುದು. ಹೊಸ ಕೊಡುಗೆಗೆ ಕೋರ್ ತಂಡದಿಂದ ಒಬ್ಬ ಪ್ರಾಯೋಜಕರು ಬೇಕು. ಓಪನ್‌ಟೆಲಿಮೆಟ್ರಿ ಕಲೆಕ್ಟರ್‌ನಲ್ಲಿ ಈ ನಿಯಮವಿದೆ. ಯಾರೂ ಮುಂದೆ ಬರದಿದ್ದರೆ ಆ ಕೊಡುಗೆ ಸದ್ಯಕ್ಕೆ ಹೊರಗಿನ ರೆಪೊದಲ್ಲೇ ಬದುಕಲಿ, ನಾವು ಅದಕ್ಕೆ ಕೊಂಡಿ ಕೊಡೋಣ. ಕಮಿಟ್‌ಗಳಿಗೆ ‘ಸೈನ್ಡ್ ಆಫ್ ಬೈ’ ಸಾಲು ಕೇಳಿ. ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ಬರೆದವರೇ ಹೇಳುವ ಈ ಪದ್ಧತಿ ಲಿನಕ್ಸ್ ಕರ್ನಲ್‌ನಲ್ಲಿ 2004ರಲ್ಲಿ ಶುರುವಾಯಿತು. ಹೊಸ ಕೊಡುಗೆಯನ್ನು ‘ಪ್ರಯೋಗ’ ಸ್ಥಿತಿಯಲ್ಲೇ ಒಳಗೆ ತಗೊಳ್ಳಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ನಮ್ಮಂಥ ಪ್ರಾಜೆಕ್ಟಿಗೆ ಬೇಕಾದ ತಿಳಿವಳಿಕೆ ಇರುವುದು ಪ್ರೋಗ್ರಾಮರ್‌ಗಳ ಹತ್ತಿರ ಅಲ್ಲ. ವರ್ಷಗಟ್ಟಲೆ ಡಿಟಿಪಿ ಮಾಡಿದವರಿಗೆ ಯಾವ ಫಾಂಟಿನಲ್ಲಿ ಯಾವ ಒತ್ತು ಎಲ್ಲಿ ಕೈಕೊಡುತ್ತದೆ ಎಂದು ಬಾಯಿಪಾಠ ಇರುತ್ತದೆ. ಅವರಿಗೆ ಗಿಟ್ ಕಲಿತು ಬನ್ನಿ ಎಂದರೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಎರಡು ಕಾಲಂ ಇರುವ ಸ್ಪ್ರೆಡ್‌ಶೀಟನ್ನು ಇಶ್ಯೂಗೆ ಲಗತ್ತಿಸಿದರೆ ಸಾಕು ಎಂದು ಮಾಡಿ. ಕೊಡುಗೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆಯಿರಿ. ಅದನ್ನು ಪುಲ್ ರಿಕ್ವೆಸ್ಟ್ ಮಾಡುವ ಕೆಲಸ ಪ್ರಾಯೋಜಕರದು. ಕೊಟ್ಟವರ ಹೆಸರು ಕಮಿಟ್‌ನಲ್ಲಿ ಸಹ ಲೇಖಕರಾಗಿ ಇರಲೇಬೇಕು.

## ಹಂತ 8: ಸಿಐ ಎರಡು ಹಳಿ

ಕೋರ್ ಟೆಸ್ಟ್ ಪ್ರತಿ ಪುಲ್ ರಿಕ್ವೆಸ್ಟ್‌ಗೂ ಓಡಬೇಕು, ಕೆಂಪಾದರೆ ಮರ್ಜ್ ಇಲ್ಲ. ಕಾಂಟ್ರಿಬ್ ಟೆಸ್ಟ್ ಮುಟ್ಟಿದ ಫೋಲ್ಡರಿಗೆ ಮಾತ್ರ ಓಡಲಿ. ಜೊತೆಗೆ ದಿನಕ್ಕೊಮ್ಮೆ ರಾತ್ರಿ ಎಲ್ಲ ಕಾಂಟ್ರಿಬ್ ಟೆಸ್ಟ್‌ಗಳೂ ಕೋರ್‌ನ ಹೊಸ ಕೋಡ್ ಮೇಲೆ ಓಡಲಿ. ಕೆಂಪಾದರೆ ವಿವರ ಫೈಲಿನಲ್ಲಿರುವ ಹೊಣೆಗಾರರಿಗೆ ಇಶ್ಯೂ ತಾನಾಗಿ ತೆರೆಯಲಿ.

ನಮ್ಮ ಲೈಬ್ರರಿಯಲ್ಲಿ ಟೆಸ್ಟ್ ಎಂದರೆ ಸುಲಭ: ಹಳೆಯ ಫಾಂಟಿನ ಒಂದು ಸಾಲು, ಅದಕ್ಕೆ ಬರಬೇಕಾದ ಯೂನಿಕೋಡ್ ಸಾಲು. ‘ಅಕ್ಕಿ’, ‘ಸೂರ್ಯ’, ‘ಸ್ತ್ರೀ’, ‘ರಾಷ್ಟ್ರ’ ಪ್ರತಿ ಪಟ್ಟಿಯಲ್ಲೂ ಕಡ್ಡಾಯ ಮಾಡಿ. ಎರಡು ಒತ್ತು ಬರುವ ಪದಗಳಲ್ಲೇ ಪರಿವರ್ತಕಗಳು ಜಾಸ್ತಿ ಸೋಲುವುದು.

ಗಿಟ್‌ಹಬ್‌ನದೇ ಸಿಐ ಆದ ಗಿಟ್‌ಹಬ್ ಆಕ್ಷನ್ಸ್ ಬಳಸುವವರಿಗೆ ಒಂದು ಗಂಟು. ಇಂಥ ಫೋಲ್ಡರ್ ಬದಲಾದರೆ ಮಾತ್ರ ಓಡು ಎಂದು ವರ್ಕ್‌ಫ್ಲೋಗೆ ಹೇಳಿ, ಅದೇ ಚೆಕ್ ಅನ್ನು ಮರ್ಜ್‌ಗೆ ಕಡ್ಡಾಯ ಮಾಡಿದಿರಿ ಅಂದುಕೊಳ್ಳಿ. ಆ ಫೋಲ್ಡರ್ ಮುಟ್ಟದ ಪುಲ್ ರಿಕ್ವೆಸ್ಟ್‌ನಲ್ಲಿ ವರ್ಕ್‌ಫ್ಲೋ ಓಡುವುದೇ ಇಲ್ಲ, ಚೆಕ್ ‘ಪೆಂಡಿಂಗ್’ ಆಗಿಯೇ ಕೂರುತ್ತದೆ, ಮರ್ಜ್ ಆಗುವುದೇ ಇಲ್ಲ. ಪರಿಹಾರ: ವರ್ಕ್‌ಫ್ಲೋ ಯಾವಾಗಲೂ ಓಡಲಿ, ಏನು ಬದಲಾಗಿದೆ ಎಂದು ಒಳಗೆ ನೋಡಿ ಜಾಬ್ ಮಟ್ಟದಲ್ಲಿ ಷರತ್ತು ಹಾಕಿ. ಷರತ್ತಿನಿಂದ ಬಿಟ್ಟುಹೋದ ಜಾಬ್ ಯಶಸ್ವಿ ಎಂದೇ ಲೆಕ್ಕ. ಇನ್ನೊಂದು: ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಎಂಬ ಇವೆಂಟ್‌ನಲ್ಲಿ ಹೊರಗಿನವರ ಕೋಡನ್ನು ಓಡಿಸಬೇಡಿ. ಅಲ್ಲಿ ನಿಮ್ಮ ರೆಪೊದ ಗುಟ್ಟಿನ ಕೀಲಿಗಳು ಆ ಕೋಡಿನ ಕೈಗೆ ಸಿಗಬಹುದು.

ಕೋರ್ ಬದಲಾವಣೆಯಿಂದ ಕಾಂಟ್ರಿಬ್ ಮುರಿದರೆ ಸರಿಮಾಡುವವರು ಯಾರು? ಲಿನಕ್ಸ್ ಕರ್ನಲ್‌ನಲ್ಲಿ ಒಳಗಿನ ಇಂಟರ್‌ಫೇಸ್ ಬದಲಾಯಿಸಿದವರೇ ಮುಖ್ಯ ರೆಪೊದೊಳಗಿನ ಎಲ್ಲ ಬಳಕೆಯನ್ನೂ ತಿದ್ದಬೇಕು. ಒಂದೇ ರೆಪೊ ಇದ್ದರೆ ಈ ನಿಯಮ ನ್ಯಾಯವಾದದ್ದು. ಬೇರೆ ರೆಪೊ ಆದರೆ ಕೋರ್ ತಂಡ ಒಂದು ಬಿಡುಗಡೆ ಮುಂಚೆಯೇ ಎಚ್ಚರಿಕೆ ಕೊಡಬೇಕು, ತಿದ್ದುವುದು ಹೊಣೆಗಾರರ ಪಾಲು. ಯಾವುದಾದರೂ ಸರಿ, ಮೊದಲೇ ಬರೆದಿಡಿ. ಜಗಳ ಶುರುವಾದ ಮೇಲೆ ಬರೆದ ನಿಯಮವನ್ನು ಯಾರೂ ಒಪ್ಪುವುದಿಲ್ಲ.

## ಹಂತ 9: ಬಿಡುಗಡೆಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣಲಿ

ಮೆಷಿನ್ ಲರ್ನಿಂಗ್ ಲೈಬ್ರರಿ ಟೆನ್ಸರ್‌ಫ್ಲೋ ಒಳಗೆ ‘ಕಾಂಟ್ರಿಬ್’ ಎಂಬ ಭಾಗ ಇತ್ತು. ಮುಖ್ಯ ಪ್ಯಾಕೇಜ್ ಹಾಕಿಕೊಂಡರೆ ಅದೂ ಬರುತ್ತಿತ್ತು, ಅದೇ ಹೆಸರಿನಡಿ ಸಿಗುತ್ತಿತ್ತು. ಹೀಗಿದ್ದರೆ ಬಳಸುವವರು ಅದನ್ನೂ ಅಧಿಕೃತ ಎಂದೇ ನಂಬುತ್ತಾರೆ. 2019ರಲ್ಲಿ 2.0 ಬಂದಾಗ ಆ ಭಾಗವನ್ನು ಪೂರ್ತಿ ತೆಗೆದರು. ಕೆಲವು ಕೋರ್‌ಗೆ ಸೇರಿದವು, ಕೆಲವು ‘ಆಡಾನ್ಸ್’ ಮುಂತಾದ ಬೇರೆ ಪ್ಯಾಕೇಜ್‌ಗಳಿಗೆ ಹೋದವು, ಕೆಲವು ಅಲ್ಲಿಗೇ ಮುಗಿದವು. ಆ ಭಾಗವನ್ನು ನೆಚ್ಚಿಕೊಂಡಿದ್ದ ಕೋಡ್ ಹೊಸ ಆವೃತ್ತಿಯಲ್ಲಿ ಓಡಲಿಲ್ಲ.

ಆದ್ದರಿಂದ ಕಾಂಟ್ರಿಬ್ ಬೇಕಾದವರು ಕೇಳಿ ತಗೊಳ್ಳುವಂತಿರಲಿ. ಪೈಥಾನ್‌ನಲ್ಲಿ ಬೇರೆ ಪ್ಯಾಕೇಜ್ ಮಾಡಿ, ಅದನ್ನು ‘ಎಕ್ಸ್‌ಟ್ರಾಸ್’ (ಕೇಳಿದರೆ ಮಾತ್ರ ಬರುವ ಪ್ಯಾಕೇಜ್‌ಗಳ ಪಟ್ಟಿ) ಮೂಲಕ ಸೇರಿಸಿಕೊಳ್ಳುವ ದಾರಿ ಕೊಡಿ. ಇಂಪೋರ್ಟ್ ಸಾಲಿನಲ್ಲೇ ಕಾಂಟ್ರಿಬ್ ಎಂಬ ಪದ ಕಾಣಲಿ. ‘ಪ್ರಯೋಗ’ ಸ್ಥಿತಿಯ ಪಟ್ಟಿ ಲೋಡ್ ಆದಾಗ ಒಂದು ಎಚ್ಚರಿಕೆ ಸಾಲು ಬರಲಿ. ಲಿನಕ್ಸ್‌ನಲ್ಲಿ 2008ರಿಂದ ‘ಸ್ಟೇಜಿಂಗ್’ ಎಂಬ ಫೋಲ್ಡರ್ ಇದೆ, ಇನ್ನೂ ಪಕ್ವವಾಗದ ಡ್ರೈವರ್‌ಗಳಿಗೆ. ಅಲ್ಲಿನ ಡ್ರೈವರ್ ಲೋಡ್ ಮಾಡಿದರೆ ಕರ್ನಲ್ ತನ್ನ ಮೇಲೆ ಒಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ದೋಷ ವರದಿ ಬಂದಾಗ ಅದನ್ನು ನೋಡಿಯೇ ಗೊತ್ತಾಗುತ್ತದೆ. ನೀವೂ ದೋಷ ವರದಿಯ ಫಾರಂನಲ್ಲಿ ಯಾವ ಪಟ್ಟಿ, ಯಾವ ಸ್ಥಿತಿ ಎಂಬುದು ತಾನಾಗಿ ಬರುವಂತೆ ಮಾಡಿ.

## ಹಂತ 10: ಮೇಲಕ್ಕೆ ತರುವುದು, ಹೊರಗೆ ಕಳಿಸುವುದು

ಗೆರೆ ಒಮ್ಮೆ ಎಳೆದರೆ ಅಲ್ಲೇ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನ ಪಠ್ಯ ಹುಡುಕಾಟ ಮೊದಲು ಕಾಂಟ್ರಿಬ್‌ನಲ್ಲಿದ್ದು, 2008ರ 8.3 ಆವೃತ್ತಿಯಲ್ಲಿ ಕೋರ್‌ಗೆ ಬಂತು. ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳನ್ನು ಟೈಪ್ ಮಾಡಿದವರಿಗೆ ಹಲವು ಭಾಷೆಗಳ ಕೀಲಿ ವಿನ್ಯಾಸ ಒದಗಿಸುವ ಎಂ17ಎನ್ ಗೊತ್ತಿರುತ್ತದೆ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೂ ಸೇರಿ ಹಲವು ಕನ್ನಡ ಕೀಲಿ ವಿನ್ಯಾಸಗಳು ಅದರ ಕಾಂಟ್ರಿಬ್ ಪ್ಯಾಕೇಜ್‌ನಲ್ಲಿ ಇದ್ದವು. ಮುಂದೆ ಅವು ಮುಖ್ಯ ಡೇಟಾ ಪ್ಯಾಕೇಜ್‌ಗೇ ಸೇರಿದವು. ಇನ್ನೊಂದು ದಿಕ್ಕಿನಲ್ಲಿ, ಪೈಥಾನ್‌ನ ವೆಬ್ ಚೌಕಟ್ಟು ಜಾಂಗೋ ತನ್ನ ಕಾಂಟ್ರಿಬ್‌ನಲ್ಲಿದ್ದ ‘ಲೋಕಲ್‌ಫ್ಲೇವರ್’ ಅನ್ನು ಬೇರೆ ಪ್ಯಾಕೇಜ್ ಮಾಡಿ, 1.6ರಲ್ಲಿ ಒಳಗಿನಿಂದ ತೆಗೆಯಿತು. ದೇಶ ದೇಶದ ಪಿನ್ ಕೋಡ್, ಗುರುತಿನ ಸಂಖ್ಯೆಗಳ ನಿಯಮ ಇದ್ದ ಭಾಗ ಅದು. ಅಂಥ ನಿಯಮಗಳು ಜಾಂಗೋ ಬಿಡುಗಡೆಯ ವೇಗಕ್ಕೆ ಕಾಯುವುದಿಲ್ಲ.

ಮೇಲಕ್ಕೆ ತರುವುದಾದರೆ ಹಂತ 2ರ ಮೂರು ಪ್ರಶ್ನೆಗಳನ್ನೇ ಮತ್ತೆ ಕೇಳಿ. ‘ಜನಪ್ರಿಯ’ ಎಂಬುದೊಂದೇ ಕಾರಣವಾದರೆ ತರಬೇಡಿ.

ಫೈಲ್ ಸರಿಸುವಾಗ ಸರಿಸುವುದೊಂದೇ ಒಂದು ಕಮಿಟ್ ಆಗಿರಲಿ, ತಿದ್ದುವುದು ಇನ್ನೊಂದು ಕಮಿಟ್. ಎರಡನ್ನೂ ಬೆರೆಸಿದರೆ ಹೆಸರು ಬದಲಾದದ್ದನ್ನು ಗಿಟ್ ಗುರುತಿಸದೆ ಹೋಗಬಹುದು, ಬರೆದವರ ಇತಿಹಾಸ ಕಣ್ಣಿಂದ ಮರೆಯಾಗುತ್ತದೆ. ಹೊಸ ರೆಪೊಗೆ ಕಳಿಸುವುದಾದರೆ ‘ಗಿಟ್ ಸಬ್‌ಟ್ರೀ ಸ್ಪ್ಲಿಟ್’ ಅಥವಾ ‘ಗಿಟ್ ಫಿಲ್ಟರ್ ರೆಪೊ’ ಬಳಸಿ. ಆ ಫೋಲ್ಡರಿನ ಕಮಿಟ್‌ಗಳು ಬರೆದವರ ಹೆಸರಿನ ಸಮೇತ ಹೋಗುತ್ತವೆ. ಸುಮ್ನೆ ನಕಲು ಮಾಡಿ ಹೊಸ ಕಮಿಟ್ ಹಾಕಬೇಡಿ. ಅದು ಕೊಟ್ಟವರಿಗೆ ಮಾಡುವ ಅನ್ಯಾಯ.

ಅನಾಥವಾದದ್ದನ್ನು ತೆಗೆಯುವ ಕ್ರಮ ಹೀಗಿರಲಿ. ರಾತ್ರಿಯ ಟೆಸ್ಟ್ ಕೆಂಪಾಗಿ, ಹೊಣೆಗಾರರು ಉತ್ತರಿಸದಿದ್ದರೆ ಮೊದಲು ಅವರಿಗೆ ಖಾಸಗಿಯಾಗಿ ಒಂದು ಮೇಲ್ ಬರೆಯಿರಿ. ಒಂದು ತಿಂಗಳು ಕಾದು ವಿವರ ಫೈಲಿನ ಸ್ಥಿತಿಯನ್ನು ‘ಅನಾಥ’ ಎಂದು ಬದಲಾಯಿಸಿ, ಹೊಸ ಹೊಣೆಗಾರರು ಬೇಕೆಂದು ಇಶ್ಯೂ ತೆರೆಯಿರಿ. ಮುಂದಿನ ಬಿಡುಗಡೆಯಲ್ಲಿ ಲೋಡ್ ಆದಾಗ ಎಚ್ಚರಿಕೆ ಬರಲಿ. ಅದರ ಮುಂದಿನ ಬಿಡುಗಡೆಯಲ್ಲಿ ತೆಗೆಯಿರಿ. ತೆಗೆದ ಮೇಲೂ ಆ ಹೆಸರಿನಲ್ಲಿ ಕರೆದವರಿಗೆ ‘ಸಿಗಲಿಲ್ಲ’ ಎಂಬ ಬರೀ ದೋಷ ಬರಬಾರದು. ಯಾವ ಆವೃತ್ತಿಯಲ್ಲಿ ತೆಗೆದದ್ದು, ಕೊನೆಯ ಕೋಡ್ ಯಾವ ಟ್ಯಾಗ್‌ನಲ್ಲಿದೆ, ಮತ್ತೆ ಸೇರಿಸಬೇಕೆಂದರೆ ಯಾವ ಇಶ್ಯೂನಲ್ಲಿ ಬರೆಯಬೇಕು ಎಂಬುದನ್ನು ದೋಷದ ಸಂದೇಶದಲ್ಲೇ ಕೊಡಿ. ಹಳೆಯ ಹೆಸರುಗಳ ಈ ಪಟ್ಟಿಯನ್ನು ಕೋರ್‌ನ ಒಂದು ಸಣ್ಣ ಫೈಲಿನಲ್ಲಿ ಇಡಿ, ಮುಂದಿನ ದೊಡ್ಡ ಆವೃತ್ತಿಯವರೆಗೆ ಅಳಿಸಬೇಡಿ.